ಸೈಕಿಯಾಟ್ರಿ ಪಿಜಿಯ ಥೀಸಿಸ್ ಕಥೆ: ಸಿನಾಪ್ಸಿಸ್‌ನಿಂದ ಮಾಸ್ಟರ್ ಚಾರ್ಟ್‌ವರೆಗೆ

ಪ್ರತಿ ವರ್ಷ ಹೊಸ ಬ್ಯಾಚ್ ಸೇರಿ ನಾಲ್ಕೈದು ತಿಂಗಳಾಗ್ತಿದ್ದ ಹಾಗೆ ನಮ್ಮ ಸೈಕಿಯಾಟ್ರಿ ಪಿಜಿಗಳ (ಎಂಡಿ ಓದೋ ಡಾಕ್ಟ್ರುಗಳ) ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಬಂದೇ ಬರುತ್ತೆ. "ಸರ್, ಬೇಗ ಮುಗಿಯೋ ಥೀಸಿಸ್ ಟಾಪಿಕ್ ಇದ್ರೆ ಹೇಳಿ, ಸಿನಾಪ್ಸಿಸ್ ಕೊಡೋಕೆ ಇನ್ನು ಹದಿನೈದೇ ದಿನ." ಥೀಸಿಸ್ ಅಂದ್ರೆ ಡಿಗ್ರಿಗೆ ಮಾಡ್ಲೇಬೇಕಾದ ರಿಸರ್ಚು, ಸಿನಾಪ್ಸಿಸ್ ಅಂದ್ರೆ ಅದರಲ್ಲಿ ಏನು ಮಾಡ್ತೀನಿ ಅಂತ ಮೊದಲೇ ಬರೆದು ಕೊಡೋ ಪ್ಲಾನು. ಉತ್ತರಗಳೂ ಪ್ರತಿ ವರ್ಷ ಅವೇ. ಆಲ್ಕೋಹಾಲ್ ತಗೋ, ಕೇಸಿಗೆ ಬರ ಇಲ್ಲ. ಕೇರ್‌ಗಿವರ್ ಬರ್ಡನ್ (ರೋಗಿನ ನೋಡ್ಕೊಳ್ಳೋರ ಕಷ್ಟ) ತಗೋ, ರೋಗಿ ಮಾತಾಡ್ದೇ ಇದ್ರೂ ಜೊತೆಗೆ ಬಂದೋರು ಮಾತಾಡ್ತಾರೆ. ಈ ಸಲ ಯಾರೋ ಸಿಟ್ಟಾಗಿ ಥೀಸಿಸ್ಸೇ ತೆಗೀಬೇಕು ಅಂದ್ರು, ಇನ್ಯಾರೋ ರೂಲ್ ಮಾಡೋದು ಎಂಸಿಐ (ಮೆಡಿಕಲ್ ಕೌನ್ಸಿಲ್) ಅಂದ್ರು, ಅಲ್ಲ ಈಗ ಎನ್‌ಎಂಸಿ (ನ್ಯಾಷನಲ್ ಮೆಡಿಕಲ್ ಕಮಿಷನ್) ಅಂದ್ರು, ಮಧ್ಯೆ ಡಿಆರ್‌ಪಿ (ಜಿಲ್ಲಾಸ್ಪತ್ರೆ ಪೋಸ್ಟಿಂಗ್) ಬಂತು, ಆನ್‌ಲೈನ್ ಕೋರ್ಸ್ ಬಂತು, ರಾತ್ರಿ ಹನ್ನೊಂದಾದ್ರೂ ಯಾವ ರೂಲ್ ಯಾವಾಗ ಬಂತು ಅಂತ ಒಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಅದಕ್ಕೇ ಕೂತು ಬರೀತಿದೀನಿ.

ಹಳೇ ಕಥೆ ಬೇಗ ಹೇಳಿಬಿಡ್ತೀನಿ. ಬೆಂಗಳೂರಲ್ಲಿ ಮೈಸೂರು ಸರ್ಕಾರದ ಮೆಂಟಲ್ ಹಾಸ್ಪಿಟಲ್ ಇತ್ತು, ಅದರ ಪಕ್ಕದಲ್ಲೇ 1954ರಲ್ಲಿ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್ ಶುರುವಾಯ್ತು, ಮರುವರ್ಷ ಡಿಪಿಎಂ ಅನ್ನೋ ಸೈಕಿಯಾಟ್ರಿ ಡಿಪ್ಲೊಮಾ ಬಂತು, ಎಂಡಿ ಆಮೇಲೆ. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು.

ಆ ಕಾಲದ್ದು ಒಂದು ಕೆಲಸ ಮಾತ್ರ ನಿಂತು ನೋಡೋ ಹಾಗಿದೆ. ಆರ್. ಎಲ್. ಕಪೂರ್ ಅನ್ನೋ ಮನೋವೈದ್ಯರು ಬ್ರಿಟಿಷ್ ಮನೋವೈದ್ಯ ಮೋರಿಸ್ ಕಾರ್‌ಸ್ಟೇರ್ಸ್ ಜೊತೆ ನಮ್ಮ ಕರಾವಳಿಯ ಕೋಟದಲ್ಲಿ ಸರ್ವೆ ಮಾಡಿದ್ರು. ಬ್ರಾಹ್ಮಣರು, ಬಂಟರು, ಮೊಗವೀರರು, ಯಾರ ಮನೇಲಿ ಯಾವ ಥರದ ಮನಸ್ಸಿನ ತೊಂದರೆ ಜಾಸ್ತಿ ಅಂತ. ಇಂಗ್ಲೆಂಡಿನ ಪ್ರಶ್ನಾವಳಿ ತಗೊಂಡು ಹೋದ್ರೆ ಇಲ್ಲಿ ನಡೆಯಲ್ಲ ಅಂತ ಗೊತ್ತಾಗಿ ನಮ್ಮ ಜನಕ್ಕಂತಲೇ ಬೇರೆ ಇಂಟರ್‌ವ್ಯೂ ಶೆಡ್ಯೂಲ್ ಮಾಡ್ಕೊಂಡ್ರು, ಸೈಕಾಲಜಿಸ್ಟ್ ಮಾಳವಿಕಾ ಕಪೂರ್ ಕೂಡ ಅದರಲ್ಲಿದ್ರು, ಆ ಶೆಡ್ಯೂಲ್ ಅಚ್ಚಾಗಿದ್ದು 1974ರಲ್ಲಿ, ಕೋಟದ ಪುಸ್ತಕ 1976ರಲ್ಲಿ. ಆಮೇಲೆ ನಿಮ್ಹಾನ್ಸಿನ ಕಮ್ಯುನಿಟಿ ಸೈಕಿಯಾಟ್ರಿ ಯೂನಿಟ್, ಬೆಂಗಳೂರಾಚೆ ಸಕಲವಾರದ ಕೇಂದ್ರ, ಎಂಬತ್ತರ ದಶಕದ ಬಳ್ಳಾರಿ ಜಿಲ್ಲೆಯ ಮಾನಸಿಕ ಆರೋಗ್ಯ ಪ್ರಾಜೆಕ್ಟ್, ಎಲ್ಲದರಲ್ಲೂ ದೊಡ್ಡ ಡಾಕ್ಟ್ರೂ ಚಿಕ್ಕವರೂ ಒಟ್ಟಿಗೆ ಹಳ್ಳಿಗೆ ಹೋಗೋ ಕೆಲಸ ಇತ್ತು. ರಿಸರ್ಚ್ ಮೆಥಡಾಲಜಿ ಅಂತ ಕ್ಲಾಸ್ ಮಾಡ್ದೇ ಇದ್ರೂ ಜೀಪಲ್ಲಿ ಹೋಗ್ತಾ ಬರ್ತಾ ಒಂದಿಷ್ಟು ತಲೆಗೆ ಹೋಗ್ತಿತ್ತು ಅನ್ಸುತ್ತೆ.

1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿವಿ ಬಂತು. ರಾಜ್ಯದ ಬಹುಪಾಲು ಮೆಡಿಕಲ್ ಕಾಲೇಜು ಅದರ ಕೆಳಗೆ ಬಂದ್ವು, ಸೈಕಿಯಾಟ್ರಿ ಎಂಡಿ ಊರೂರಿಗೆ ಹರಡ್ತು. ನಾನು ಓದಿದ್ದು ಈ ಕಾಲದಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಸಹಿಸ್ಕೊಳ್ಳಿ.

ಸೇರಿದ ಆರು ತಿಂಗಳೊಳಗೆ ಸಿನಾಪ್ಸಿಸ್ ಕೊಡ್ಬೇಕು. ಆರು ತಿಂಗಳಲ್ಲಿ ಹೊಸ ಪಿಜಿಗೆ ಗೊತ್ತಿರೋದು ಏನು? ವಯಲೆಂಟ್ ಆದ ರೋಗಿಗೆ ಇಂಜೆಕ್ಷನ್ ಹಾಕೋದು, ಸೀನಿಯರ್ ಬೈದ್ರೆ ತಲೆ ತಗ್ಗಿಸೋದು. ಆದ್ರೂ ನೀಡ್ ಫಾರ್ ದ ಸ್ಟಡಿ ಬರೀಬೇಕು, ಅಬ್ಜೆಕ್ಟಿವ್ಸ್ ಬರೀಬೇಕು, ಎಥಿಕಲ್ ಕಮಿಟಿ ಮುಂದೆ ಕೂರ್ಬೇಕು. ಮಾಡೋದೇನು, ಸೀನಿಯರ್ ಸಿನಾಪ್ಸಿಸ್ ತಗೊಂಡು ರೋಗದ ಹೆಸರು ಬದಲಾಯಿಸೋದು. ನಾನು ಓದಿದ ಕಾಲೇಜಿನ ಲೈಬ್ರರಿಯಲ್ಲಿ ಬಂಗಾರದ ಅಕ್ಷರದ ಹಾರ್ಡ್ ಬೈಂಡಿಂಗ್ ಥೀಸಿಸ್‌ಗಳು ಸಾಲಾಗಿದ್ವು, ಎರಡು ಬೇರೆ ವರ್ಷದವು ತೆಗೆದು ನೋಡಿದ್ರೆ ಇಂಟ್ರೊಡಕ್ಷನ್ನಿನ ಮೊದಲ ಪ್ಯಾರಾದಲ್ಲಿ ಸ್ಪೆಲಿಂಗ್ ತಪ್ಪು ಕೂಡ ಒಂದೇ ಜಾಗದಲ್ಲಿತ್ತು!

ಬೇರೆ ಡಿಪಾರ್ಟ್‌ಮೆಂಟಿಗೂ ನಮಗೂ ಒಂದು ವ್ಯತ್ಯಾಸ ಇದೆ. ಅವರಿಗೆ ಲ್ಯಾಬ್ ರಿಪೋರ್ಟ್ ಬರುತ್ತೆ, ಸ್ಕ್ಯಾನ್ ಬರುತ್ತೆ. ನಮ್ಮ ಡೇಟಾ ಅಂದ್ರೆ ಮಾತು. ಹ್ಯಾಮಿಲ್ಟನ್ ಡಿಪ್ರೆಶನ್ ಸ್ಕೇಲ್ ತಗೊಳ್ಳಿ, 1960ರಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ ಇಂಗ್ಲೆಂಡಲ್ಲಿ ಮಾಡಿದ್ದು, 17 ಐಟಂ, ಒಂದೊಂದಕ್ಕೂ ಡಾಕ್ಟ್ರು ಸ್ಕೋರ್ ಹಾಕ್ಬೇಕು. ನಮ್ಮ ಒಪಿಡಿಗೆ ಬಂದ ಒಬ್ಬ ತಾಯಿ, "ತಲಿ ಭಾರ ಆಗೇತ್ರಿ ಸಾಹೇಬ್ರ, ಏನೂ ಬ್ಯಾಡ ಅನಸ್ತೈತಿ" ಅಂದ್ರು. ತಲೆ ಭಾರ ಅನ್ನೋದು ಆ ಸ್ಕೇಲಿನ 13ನೇ ಐಟಂ, ಕೈಕಾಲು ಬೆನ್ನು ತಲೆ ಭಾರ ಅಂತಲೇ ಬರೆದಿದೆ, ಅಲ್ಲಿ ಸಿಗೋದು ಹೆಚ್ಚಂದ್ರೆ 2. ಆದ್ರೆ ಆಯಮ್ಮ ಹೇಳ್ತಿರೋದು ದುಃಖನಾ? ಹಾಗಿದ್ರೆ ಅದು 1ನೇ ಐಟಂ, ಅಂದ್ರೆ ಮೂಡ್, 4ರವರೆಗೂ ಹೋಗಬಹುದು. ಇದನ್ನ ಯಾವ ಪುಸ್ತಕವೂ ಹೇಳಿಕೊಡಲ್ಲ. ಗೈಡ್ ಪಕ್ಕದಲ್ಲಿ ಕೂತು, ಇಬ್ರೂ ಬೇರೆ ಬೇರೆ ಸ್ಕೋರ್ ಹಾಕಿ, ಆಮೇಲೆ ನೀನ್ಯಾಕೆ ಅಷ್ಟು ಹಾಕಿದೆ ನಾನ್ಯಾಕೆ ಇಷ್ಟು ಹಾಕಿದೆ ಅಂತ ಜಗಳ ಆಡಿದ್ರೆ ಮಾತ್ರ ಗೊತ್ತಾಗೋದು. ನನ್ನ 60 ಕೇಸಲ್ಲಿ ಹಾಗೆ ಕೂತಿದ್ದು ಎರಡು ಕೇಸಿಗೆ. ಉಳಿದ 58 ನಾನೂ ದೇವರೂ. ಗೈಡ್ ಕೆಟ್ಟವರೇನಲ್ಲ, ಬೆಳಗ್ಗೆ ಒಪಿಡಿ, ಮಧ್ಯಾಹ್ನ ಕೋರ್ಟ್ ಕೇಸು, ಇನ್‌ಸ್ಪೆಕ್ಷನ್ ಬಂದ್ರೆ ಫೈಲು. ವರ್ಷಕ್ಕೆ ಎರಡೋ ಮೂರೋ ಪಿಜಿ ಅಂದ್ರೂ ಮೂರು ಬ್ಯಾಚ್ ಸೇರಿದ್ರೆ ಆರೇಳು ಥೀಸಿಸ್ ಒಬ್ಬರ ತಲೆ ಮೇಲೆ.

ಕೊನೆಗೆ ಎಲ್ಲ ಕೇಸಿನ ಡೇಟಾ ತುಂಬಿದ ಮಾಸ್ಟರ್ ಚಾರ್ಟ್ ತಗೊಂಡು ಸ್ಟ್ಯಾಟಿಸ್ಟಿಷಿಯನ್ ಹತ್ರ ಹೋದಾಗ ಅವರು ಕೇಳಿದ್ದು ಒಂದೇ, "ಯಾವುದು ಸಿಗ್ನಿಫಿಕೆಂಟ್ ಬರ್ಬೇಕು ಡಾಕ್ಟ್ರೇ?" ಅಂದ್ರೆ ಯಾವ ವ್ಯತ್ಯಾಸ ಆಕಸ್ಮಿಕ ಅಲ್ಲ ಅಂತ ಲೆಕ್ಕ ತೋರಿಸ್ಬೇಕು ಅಂತ. ನಾನು ನಕ್ಕೆ. ಅವರು ನಗಲಿಲ್ಲ.

ಇದರ ಮೇಲೆ ಪೇಪರ್ ಲೆಕ್ಕ ಬಂತು. ಎಂಸಿಐನ 2000ದ ಪಿಜಿ ನಿಯಮಕ್ಕೆ ಆಮೇಲೆ ತಿದ್ದುಪಡಿ ಸೇರಿ, ಪರೀಕ್ಷೆಗೆ ಕೂರ್ಬೇಕಾದ್ರೆ ಒಂದು ಪೋಸ್ಟರ್, ಕಾನ್ಫರೆನ್ಸಲ್ಲಿ ಒಂದು ಪೇಪರ್, ಜೊತೆಗೆ ಜರ್ನಲ್ಲಿಗೆ ಒಂದು ರಿಸರ್ಚ್ ಪೇಪರ್ ಅಂತಾಯ್ತು. ಅದರಲ್ಲಿ ಆಗ ಒಂದು ಸಾಲಿತ್ತು ನೋಡಿ: ಪ್ರಕಟ ಆಗಿದ್ರೂ ಸರಿ, ಒಪ್ಕೊಂಡಿದ್ರೂ ಸರಿ, ಕಳಿಸಿದ್ರೂ ಸರಿ. ಕಳಿಸಿದ್ರೂ ಸರಿ ಅಂದ ಮೇಲೆ ಕೇಳ್ಬೇಕಾ, ಜರ್ನಲ್ಲಿಂದ ತಲುಪಿದೆ ಅಂತ ಬರೋ ಈಮೇಲ್ ಪ್ರಿಂಟ್ ಹಾಕಿ ಫೈಲಿಗೆ ಸೇರಿಸಿದ್ರೆ ಮುಗೀತು. 2015ರಲ್ಲಿ ಇನ್ನೊಂದು ಸುತ್ತೋಲೆ ಬಂತು, ಇದು ಮೇಷ್ಟ್ರುಗಳಿಗೆ: ಪ್ರಮೋಶನ್ ಬೇಕಾದ್ರೆ ಪೇಪರಲ್ಲಿ ಮೊದಲ ಅಥವಾ ಎರಡನೇ ಹೆಸರಿರ್ಬೇಕು, ಬರೀ ಆನ್‌ಲೈನ್ ಜರ್ನಲ್ ಲೆಕ್ಕಕ್ಕಿಲ್ಲ ಅಂತ ಆಗ ಇತ್ತು. ಅಲ್ಲೀವರೆಗೂ ಪಿಜಿಯ ಥೀಸಿಸ್ ಪಿಜಿದು, ಅಲ್ಲಿಂದಾಚೆ ಅದು ಮನೆಯವರೆಲ್ಲ ಪಾಲು ಕೇಳೋ ಆಸ್ತಿ ಥರ ಆಯ್ತು. ಹೆಸರಿನ ಕ್ರಮಕ್ಕೋಸ್ಕರ ಮಾತು ಬಿಟ್ಟ ಗೈಡ್-ಪಿಜಿ ಜೋಡಿ ನನಗೇ ಎರಡು ಗೊತ್ತು.

ಇಷ್ಟೆಲ್ಲ ರೂಲ್ ಇದ್ದೂ ಬಂದಿದ್ದೇನು? ಸರ್ಜನ್ ಸಮೀರನ್ ನಂದಿ ಮತ್ತವರ ಜೊತೆಗಾರರು 2016ರಲ್ಲಿ ಲೆಕ್ಕ ಹಾಕಿ ತೋರಿಸಿದ್ರು. 2005ರಿಂದ 2014ರವರೆಗೆ ದೇಶದ 579 ವೈದ್ಯಕೀಯ ಸಂಸ್ಥೆಗಳಲ್ಲಿ 332ರಿಂದ ಒಂದೇ ಒಂದು ಪೇಪರ್ ಬಂದಿಲ್ಲ, ಬರೀ 25 ಸಂಸ್ಥೆಗಳಿಂದಲೇ ಒಟ್ಟು ಪೇಪರಿನ 40 ಪರ್ಸೆಂಟ್. ಎಲ್ಲ ವಿಭಾಗ ಸೇರಿಸಿದ ಲೆಕ್ಕ ಇದು, ಸೈಕಿಯಾಟ್ರಿದೊಂದೇ ಅಲ್ಲ, ಆದ್ರೂ.

2020ರಲ್ಲಿ ಎಂಸಿಐ ಹೋಗಿ ಎನ್‌ಎಂಸಿ ಬಂತು. ಚೆನ್ನೈನ ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆ ನಡೆಸೋ ಬಯೋಮೆಡಿಕಲ್ ರಿಸರ್ಚ್ ಆನ್‌ಲೈನ್ ಕೋರ್ಸ್ ಕಡ್ಡಾಯ ಆಗಿದೆ, ಕೋರ್ಸ್ ಚೆನ್ನಾಗೇ ಇದೆ, ನಾನೂ ಮಾಡಿದೀನಿ, ಸ್ಯಾಂಪಲ್ ಸೈಜ್ ಅಂದ್ರೇನು ಅಂತ ನನಗೆ ಅರ್ಥ ಆಗಿದ್ದೇ ಆವಾಗ. ಆಮೇಲೆ ಡಿಸ್ಟ್ರಿಕ್ಟ್ ರೆಸಿಡೆನ್ಸಿ, ಅದೇ ಡಿಆರ್‌ಪಿ, ಮೂರು ತಿಂಗಳು ಜಿಲ್ಲಾಸ್ಪತ್ರೆಯಲ್ಲಿ. ಅದೂ ಬೇಕು, ಆದ್ರೆ ಅದು ಬರೋದು 3ರಿಂದ 5ನೇ ಸೆಮಿಸ್ಟರ್ ಒಳಗೆ, ಥೀಸಿಸ್ ಕೇಸ್ ಸೇರಿಸೋದೂ ಅದೇ ಟೈಮಲ್ಲಿ. ಫಾಲೋಅಪ್ ಇರೋ ಟಾಪಿಕ್ ತಗೊಂಡೋರು ಅತ್ತ ದರಿ ಇತ್ತ ಪುಲಿ.

ಥೀಸಿಸ್ ತೆಗೆದ್ರೆ ಎಲ್ಲ ಸರಿಹೋಗುತ್ತೆ ಅನ್ನೋರಿಗೆ ಒಂದು ಮಾತು. ಅಮೆರಿಕದ ಸೈಕಿಯಾಟ್ರಿ ರೆಸಿಡೆನ್ಸಿಯಲ್ಲಿ ನಮ್ಮ ಥರ ಕಡ್ಡಾಯ ಥೀಸಿಸ್ ಇಲ್ಲ. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2003ರಲ್ಲಿ ಒಂದು ಇಡೀ ವರದಿಯನ್ನೇ ಬರೀಬೇಕಾಯ್ತು, ರೆಸಿಡೆಂಟ್‌ಗಳು ರಿಸರ್ಚ್ ಕಡೆ ಬರ್ತಾನೇ ಇಲ್ಲ, ಏನ್ಮಾಡೋಣ ಅಂತ. ಅವರು ಕೇಳಿದ್ರಲ್ಲಿ ಮುಖ್ಯವಾದ್ದು ಎರಡು, ರಿಸರ್ಚಿಗೆ ಪ್ರತ್ಯೇಕ ಟೈಮು, ಹೇಳಿಕೊಡೋ ಮೆಂಟರ್. ನಮ್ಮ ನಿಯಮಗಳಲ್ಲಿ ಪೋಸ್ಟರಿಗೆ, ಪೇಪರಿಗೆ, ಕೋರ್ಸಿಗೆ ಸರ್ಟಿಫಿಕೇಟ್ ಉಂಟು. ಗೈಡ್ ವಾರಕ್ಕೆ ಒಂದು ಗಂಟೆ ಪಿಜಿ ಜೊತೆ ಕೂತ್ರಾ ಅಂತ ಕೇಳೋ ಕಾಲಂ ನಾನಂತೂ ಯಾವ ಲಾಗ್‌ಬುಕ್ಕಲ್ಲೂ ನೋಡಿಲ್ಲ.

ಈಗ ನಾನೇ ಗೈಡ್. ನನ್ನ ಪಿಜಿಗೆ ಮೊದಲ ಹತ್ತು ಕೇಸಿಗೆ ಜೊತೆಗೆ ಕೂರ್ತೀನಿ ಅಂತ ಮಾತು ಕೊಟ್ಟು ನಾಲ್ಕು ತಿಂಗಳಾಯ್ತು, ಕೂತಿದ್ದು ಮೂರಕ್ಕೆ. ಮೂರನೆಯದು ಹೋದ ಗುರುವಾರ, ಹೂವಿನ ವ್ಯಾಪಾರ ಮಾಡೋ ಹೆಂಗಸು, "ಎದಿ ಡವಡವ ಅಂತೈತಿ, ಮಂದ್ಯಾಗ ಕುಂದ್ರಾಕ ಮನಸಿಲ್ಲ" ಅಂದ್ರು. ಅವನು ಮೂಡ್ ಐಟಮ್ಮಿಗೆ 1 ಹಾಕಿದ್ದ, ನಾನು 3. ಮುಕ್ಕಾಲು ಗಂಟೆ ವಾದ ಮಾಡಿದ್ವಿ, ಕೊನೆಗೆ ಆಯಮ್ಮನ್ನೇ ಮತ್ತೆ ಒಳಗೆ ಕರೆದು ಕೇಳಿದ್ವಿ, ಅವನದ್ದೇ ಸರಿ ಇತ್ತು.