ರಿಸ್ಟೋರ್ ಮಾಡಿದ ಅಪರೂಪದ ವಾಚು ಮಾರೋದು: ಏನು ಬರೀಬೇಕು, ಏನು ತೋರಿಸ್ಬೇಕು

ಕಾರವಾರ, ಕುಮಟಾ, ಶಿರಸಿ ಕಡೆ ಹಳೇ ವಾಚು ಬಿಚ್ಚಿ ಜೋಡಿಸೋದು ಕಲೀತಾ ಇರೋ ಎಲ್ಲರಿಗೂ ಈ ಟಿಪ್ಪಣಿ. ಮಷೀನ್ (ವಾಚಿನ ಒಳಗಿನ ಯಂತ್ರ) ಕೆಲಸ ಚೆಂದ ಮಾಡ್ತೀವಿ, ಮಾರೋ ಹೊತ್ತಿಗೆ ಮಾತ್ರ "ಒಳ್ಳೆ ಕಂಡೀಷನ್, ಫುಲ್ ಸರ್ವಿಸ್ ಆಗಿದೆ" ಅಂತ ಒಂದು ಸಾಲು ಬರ್ದು ಕೈ ತೊಳ್ಕೊಳ್ತೀವಿ. ವಾಚು ಕೂಡಿಡೋರಿಗೆ ಆ ಸಾಲಿಂದ ಏನೂ ತಿಳಿಯಲ್ಲ. ಅವ್ರಿಗೆ ಬೇಕಾಗಿರೋದು ಯಾವ ಭಾಗ ಫ್ಯಾಕ್ಟರಿಯಿಂದ ಬಂದಿದ್ದು, ಯಾವುದು ಆಮೇಲೆ ಹಾಕಿದ್ದು, ಯಾವುದಕ್ಕೆ ಕೈ ಹಚ್ಚಿದ್ದು ಅನ್ನೋ ಲೆಕ್ಕ. ದರ ನಿಲ್ಲೋದೇ ಅದರ ಮೇಲೆ.

ಶಿರಸಿ ಅಡಿಕೆ ವ್ಯಾಪಾರ ನೋಡಿದೋರಿಗೆ ಇದು ಬೇಗ ಹೊಳೆಯತ್ತೆ. ರಾಶಿ, ಬೆಟ್ಟೆ, ಚಾಲಿ ಬೇರೆ ಬೇರೆ ಮಾಡಿ ಇಟ್ರೆ ಒಂದೊಂದಕ್ಕೂ ಅದರದ್ದೇ ದರ, ಎಲ್ಲ ಕಲಸಿಟ್ರೆ ಕೊಳ್ಳೋನು ಕೆಳಗಿನದ್ದರ ದರಾನೇ ಹೇಳ್ತಾನೆ. ವಾಚಲ್ಲೂ ಹಾಗೇ, ಒಂದು ಮುಳ್ಳು ಬದಲಾಗಿದ್ದನ್ನ ಮುಚ್ಚಿಟ್ರೆ ನೋಡೋರು ಡಯಲ್, ಮಷೀನ್, ಕೇಸ್ ಎಲ್ಲದರ ಮೇಲೂ ಅನುಮಾನ ಪಡ್ತಾರೆ.

ಮೊದ್ಲು ಮೂರು ಮಾತು ಬಿಡಿಸ್ಕೊಳ್ಳಿ. ಸರ್ವಿಸ್ ಅಂದ್ರೆ ಮಷೀನ್ ಪೂರ್ತಿ ಬಿಚ್ಚಿ, ತೊಳ್ದು, ಎಣ್ಣೆ ಬಿಟ್ಟು ಜೋಡಿಸೋದು, ಇದ್ರಿಂದ ದರಕ್ಕೆ ಏನೂ ಹಾನಿ ಇಲ್ಲ. ರಿಪೇರಿ ಅಂದ್ರೆ ಸವೆದ ಭಾಗ ಬದಲಿಸೋದು, ಅದೇ ಕಂಪನಿಯ ಅದೇ ಮಷೀನಿನ ಭಾಗ ಆದ್ರೆ ಯಾರೂ ತಕರಾರು ಮಾಡಲ್ಲ. ರಿಸ್ಟೋರ್ ಅಂದ್ರೆ ಕಾಣೋ ಮೈಗೆ ಕೈ ಹಚ್ಚಿದ್ದು: ಡಯಲ್ ಬಣ್ಣ, ಮುಳ್ಳಿನ ಹೊಳಪು, ಕೇಸಿನ ಪಾಲಿಶ್, ಪ್ಲೇಟಿಂಗ್. ದುಡ್ಡು ಏರೋದೂ ಇಳಿಯೋದೂ ಈ ಮೂರನೇದರಲ್ಲಿ. ಹಾಗಾಗಿ "ರಿಸ್ಟೋರ್ ಆಗಿದೆ" ಅಂತ ಬರೀವಾಗ ಏನನ್ನ ಅಂತಾನೂ ಜೊತೇಲೇ ಬರೀರಿ.

ಡಯಲ್ ಬಗ್ಗೆ ಸ್ವಲ್ಪ ಉದ್ದ ಹೇಳ್ಬೇಕು

ನಮ್ಮ ದೇಶದ ಮಾರ್ಕೆಟ್ಟಲ್ಲಿ ಮತ್ತೆ ಬಣ್ಣ ಹೊಡೆದ ಡಯಲ್ ಎಷ್ಟು ತುಂಬಿದೆ ಅಂದ್ರೆ ಹೊರದೇಶದ ಸಂಗ್ರಾಹಕರು ಇಂಡಿಯಾದಿಂದ ಬರೋ ವಾಚು ಅಂದ ತಕ್ಷಣ ಮೊದ್ಲು ಅದನ್ನೇ ಹುಡುಕ್ತಾರೆ. ಎಚ್‌ಎಂಟಿ ಪೈಲಟ್, ಫೇವರ್ ಲೂಬಾ ಸೀ ಕಿಂಗ್, ವೆಸ್ಟ್ ಎಂಡ್ ಸೋವರ್ ಪ್ರೈಮಾ, ಯಾವುದೂ ಬಚಾವಾಗಿಲ್ಲ. ಗುರುತು ಹಿಡಿಯೋಕೆ ಲೂಪ್ (ಕಣ್ಣಿಗಿಟ್ಟು ನೋಡೋ ಭೂತಗನ್ನಡಿ) ಹಿಡ್ಕೊಂಡು ಅಕ್ಷರದ ಅಂಚು ನೋಡಿ, ಫ್ಯಾಕ್ಟರಿ ಪ್ರಿಂಟ್ ಚೂಪಾಗಿ ಒಂದೇ ದಪ್ಪಕ್ಕೆ ಇರತ್ತೆ, ಕೈಕೆಲಸದ ಪ್ರಿಂಟಲ್ಲಿ ಶಾಯಿ ಹರಡಿರತ್ತೆ. ನಿಮಿಷದ ಗೆರೆ ಗಂಟೆಯ ಕಡ್ಡಿಗೆ ಸರಿ ಎದುರಿಗೆ ಬರ್ತದಾ ನೋಡಿ. ಸ್ವಿಸ್ ವಾಚಾದ್ರೆ ಆರರ ಕೆಳಗೆ ಸ್ವಿಸ್ ಮೇಡ್ ಅಂತ ಇರತ್ತಲ್ಲ, ಅದು ಅರ್ಧ ತುಂಡಾಗಿದ್ರೆ ಅಥವಾ ಜಾಗ ಬಿಟ್ಟು ಕೂತಿದ್ರೆ ಅನುಮಾನ ಪಡಿ. ನಿಮ್ಮ ಹತ್ರ ಇರೋದು ಹಂಗಿದ್ರೆ "ಡಯಲ್ ಮತ್ತೆ ಪೇಂಟ್ ಆಗಿದೆ" ಅಂತ ಮೊದಲ ಮೂರು ಸಾಲಲ್ಲೇ ಬರೀಬೇಕು, ಕೊನೇಲಿ ಅಲ್ಲ.

ಕಲೆ ಬಿದ್ದ ಅಸಲಿ ಡಯಲ್ಲಿಗೆ ಮಿಂಚೋ ಹೊಸ ಬಣ್ಣದ ಡಯಲ್‌ಗಿಂತ ಹೆಚ್ಚು ಗೌರವ ಇದೆ, ನನಗಂತೂ ಅದು ನ್ಯಾಯ ಅನ್ನಿಸತ್ತೆ, ಒಂದ್ಸಲ ತೆಗೆದ ಫ್ಯಾಕ್ಟರಿ ಬಣ್ಣ ಮತ್ತೆ ಬರೋದಿಲ್ಲ. ಅದಕ್ಕೇ ಹೇಳೋದು, ಅಪರೂಪದ ವಾಚಲ್ಲಿ ಡಯಲ್ ಮುಟ್ಟದೇ ಇರೋದೇ ಅರ್ಧ ರಿಸ್ಟೋರೇಶನ್.

ಕತ್ತಲಲ್ಲಿ ಹೊಳೆಯೋ ಪುಡಿ ಬಗ್ಗೆ ಹುಷಾರು. ಹಳೇ ವಾಚಲ್ಲಿ ರೇಡಿಯಂ ಇತ್ತು, 1960ರ ದಶಕದಲ್ಲಿ ನಿಧಾನಕ್ಕೆ ಟ್ರಿಟಿಯಂ ಬಂತು. ರೇಡಿಯಂ ಅರ್ಧಕ್ಕಿಳಿಯೋಕೆ ಸುಮಾರು 1600 ವರ್ಷ ಬೇಕು; ಈಗ ಹೊಳೀತಿಲ್ಲ ಅಂದ್ರೆ ಜೊತೆಗಿದ್ದ ಜಿಂಕ್ ಸಲ್ಫೈಡ್ ಪುಡಿ ಸೋತಿದೆ ಅಷ್ಟೇ, ವಿಕಿರಣ ಹಾಗೇ ಇದೆ. ಅದನ್ನ ಯಾವತ್ತೂ ಕೆರೀಬೇಡಿ, ಧೂಳು ಉಸಿರಿಗೆ ಹೋಗತ್ತೆ. ಟ್ರಿಟಿಯಂಗೆ ಹನ್ನೆರಡು ವರ್ಷ ಚಿಲ್ಲರೆ, ಅಂದ್ರೆ 60ರ ದಶಕದ ವಾಚಲ್ಲಿ ಅದು ಹೆಚ್ಚುಕಮ್ಮಿ ಆರಿರ್ಬೇಕು. ಹಾಗಿದ್ದೂ ಮುಳ್ಳು ರಾತ್ರಿಯಿಡೀ ಹಸಿರಾಗಿ ಹೊಳೀತಿದ್ರೆ ಯಾರೋ ಹೊಸ ಪುಡಿ ತುಂಬಿದ್ದಾರೆ ಅಂತಾನೇ ಅರ್ಥ. ಅದನ್ನೂ ಬರೀರಿ.

ಕರಾವಳಿ ಕೇಸು

ನಮ್ಮ ಕಡೆ ಸಿಗೋ ವಾಚಲ್ಲಿ ಉಪ್ಪುಗಾಳಿ, ಬೆವರು ಎರಡೂ ಕೆಲಸ ಮಾಡಿರತ್ತೆ. ಎಚ್‌ಎಂಟಿ ಜನತಾ ತರದ ವಾಚಲ್ಲಿ ಹಿಂದಿನ ಮುಚ್ಚಳ ಮಾತ್ರ ಸ್ಟೀಲು, ಮೈಯೆಲ್ಲ ಕ್ರೋಮ್ ಹಚ್ಚಿದ ಲೋಹ, ಕ್ರೋಮ್ ಎದ್ದ ಜಾಗದಲ್ಲಿ ಹಸಿರು ಕಿಲುಬು ಕೂತಿರತ್ತೆ. ಪೂರ್ತಿ ಸ್ಟೀಲ್ ಕೇಸಾದ್ರೂ ಮುಚ್ಚಳ ಕೂರೋ ಅಂಚಲ್ಲಿ ಸಣ್ಣ ಸಣ್ಣ ಗುಂಡಿ ಬಿದ್ದಿರತ್ತೆ, ಹೊರಗಿಂದ ಕಾಣಲ್ಲ. ಮುಚ್ಚಳ ತೆಗ್ದು ಆ ಅಂಚಿನ ಫೋಟೋ ಹಾಕಿ. ಬಫಿಂಗ್ ಜಾಸ್ತಿ ಆದ್ರೆ ಬೆಲ್ಟ್ ಕಟ್ಟೋ ಕೊಂಬಿನ ಅಂಚು ದುಂಡಗಾಗತ್ತೆ, ಮುಚ್ಚಳದ ಬರಹ ಮಾಸತ್ತೆ, ಗೊತ್ತಿದ್ದೋರು ಮೊದ್ಲು ನೋಡೋದು ಅದನ್ನೇ.

ಇನ್ನೊಂದು ನಮಗೆ ಮಾತ್ರ ಇರೋ ತಾಪತ್ರಯ. ಜುಲೈಲಿ ಕಾರವಾರದಲ್ಲಿ ಕೂತು ವಾಚಿನ ಮುಚ್ಚಳ ಹಾಕಿದ್ರೆ ಆ ತೇವದ ಗಾಳಿಯೂ ಒಳಗೇ ಸಿಕ್ಕಿ ಹಾಕ್ಕೊಳ್ಳತ್ತೆ. ಇಲ್ಲಿ ಏನೂ ಕಾಣಲ್ಲ, ಬೆಂಗಳೂರಿನ ಚಳಿಗೋ ಏಸಿ ರೂಮಿಗೋ ಹೋದ ತಕ್ಷಣ ಗ್ಲಾಸ್ ಒಳಗಡೆ ಮಂಜು ಕಟ್ಟತ್ತೆ, ಕೊಂಡೋರು ನೀರು ಹೊಕ್ಕಿದೆ ಅಂತ ಫೋನ್ ಮಾಡ್ತಾರೆ. ಸಿಲಿಕಾ ಜೆಲ್ ಹಾಕಿದ ಡಬ್ಬೀಲಿ ಮುಚ್ಚಳ ತೆಗ್ದ ವಾಚನ್ನ ಒಂದು ರಾತ್ರಿ ಇಟ್ಟು, ಒಣ ರೂಮಲ್ಲಿ ಮುಚ್ಚಿ. ಇಷ್ಟು ಮಾಡಿದ್ರೆ ಸಾಕು.

ಮಷೀನಿನ ನಂಬರು

ಟೈಮ್‌ಗ್ರಾಫರ್ (ವಾಚಿನ ಟಿಕ್ ಟಿಕ್ ಕೇಳಿ ಅದರ ಓಟ ಅಳೆಯೋ ಉಪಕರಣ) ರೀಡಿಂಗ್ ಹಾಕೋದು ಈಗ ರೂಢಿ. ಆದ್ರೆ ಬರೀ "ದಿನಕ್ಕೆ ಐದು ಸೆಕೆಂಡ್" ಅಂತ ಹಾಕಿದ್ರೆ ಅರ್ಧ ಸತ್ಯ. ಪೂರ್ತಿ ಕೀ ಕೊಟ್ಟು, ಡಯಲ್ ಮೇಲೆ ಮಾಡಿ ಒಂದು, ಕೀ (ಪಕ್ಕದಲ್ಲಿ ತಿರುಗಿಸೋ ಗುಬ್ಬಿ) ಕೆಳಗೆ ಮಾಡಿ ಒಂದು, ಆಮೇಲೆ ಇಪ್ಪತ್ನಾಲ್ಕು ಗಂಟೆ ಬಿಟ್ಟು ಮತ್ತೊಂದು. ಸೆಕೆಂಡಿನ ವ್ಯತ್ಯಾಸದಕ್ಕಿಂತ ಆಂಪ್ಲಿಟ್ಯೂಡ್ ನೋಡಿ, ಅಂದ್ರೆ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗತ್ತೆ ಅನ್ನೋದು. ಗಂಟೆಗೆ 18000 ಬಡಿತದ ಹಳೇ ಮಷೀನ್ ಪೂರ್ತಿ ಕೀ ಕೊಟ್ಟಾಗ 250 ಡಿಗ್ರಿ ಮೇಲೆ ಇದ್ರೆ ಖುಷಿ ಪಡಿ, 200ರ ಕೆಳಗೆ ಇದ್ರೆ ಎಲ್ಲೋ ಎಣ್ಣೆ ಒಣಗಿದೆ ಅಥವಾ ಸ್ಪ್ರಿಂಗ್ ಸೋತಿದೆ, ಮಾರೋ ಮೊದ್ಲು ಮತ್ತೆ ಬಿಚ್ಚಿ. ಲಿಫ್ಟ್ ಆಂಗಲ್ (ಪ್ರತಿ ಬಡಿತದಲ್ಲಿ ಬ್ಯಾಲೆನ್ಸ್ ಚಕ್ರಕ್ಕೆ ತಳ್ಳು ಸಿಗೋ ಹೊತ್ತಲ್ಲಿ ಅದು ತಿರುಗೋ ಕೋನ) ಆ ಮಷೀನಿಗೆ ಸರಿ ಇರೋದನ್ನ ಹಾಕಿ. ಉಪಕರಣ 52 ಡಿಗ್ರಿಗೆ ತಾನೇ ನಿಂತಿರತ್ತೆ, ನಿಮ್ಮ ಮಷೀನಿನದ್ದು ಬೇರೆ ಇದ್ರೆ ಆಂಪ್ಲಿಟ್ಯೂಡ್ ಸುಳ್ಳು ಬರತ್ತೆ. ಯಾವ ಆಂಗಲ್ ಇಟ್ಟಿದ್ರಿ ಅಂತ ಬರೆದ್ರೆ ಗೊತ್ತಿರೋರಿಗೆ ನಿಮ್ಮ ಮೇಲೆ ತಕ್ಷಣ ನಂಬಿಕೆ ಬರತ್ತೆ.

ಒಂದು ಮಾದರಿ ಬರಹ

ಫೇವರ್ ಲೂಬಾ ಬಾಥಿ ಅಂತ 1960ರ ದಶಕದ ಡೈವಿಂಗ್ ವಾಚು ಇದೆ, ಎಷ್ಟು ಆಳಕ್ಕೆ ಇಳಿದಿದ್ದೀವಿ ಅಂತ ಮುಳ್ಳಲ್ಲೇ ತೋರಿಸತ್ತೆ. ಹಿಂದಿನ ಮುಚ್ಚಳದ ತೂತಿಂದ ನೀರು ಬಂದು ಒಂದು ತೆಳು ಲೋಹದ ಪೊರೆಯನ್ನ ಒತ್ತತ್ತೆ, ಆ ಒತ್ತಡವೇ ಮುಳ್ಳನ್ನ ತಿರುಗಿಸತ್ತೆ. ಬಾಥಿ 50 ಮೀಟರ್ ಲೆಕ್ಕದ್ದು, ಬಾಥಿ 160 ಅಡಿ ಲೆಕ್ಕದ್ದು. ಕರಾವಳೀಲಿ ಯಾರದ್ದೋ ಪೆಟ್ಟಿಗೇಲಿ ಇಂಥದ್ದು ಸಿಕ್ತು ಅಂತ ಇಟ್ಕೊಳ್ಳಿ, ಬರಹ ಹೀಗಿರ್ಲಿ:

"ಡಯಲ್ ಅಸಲಿ, ನಾಲ್ಕರ ಹತ್ರ ತೇವದ ಕಲೆ ಇದೆ, ಮುಟ್ಟಿಲ್ಲ. ನಿಮಿಷದ ಮುಳ್ಳಿನ ಪುಡಿ ಹೊಸದು, ಗಂಟೆ ಮುಳ್ಳಿನದ್ದು ಹಳೇದು. ಕೀ ಬದಲಿ, ಕಂಪನಿಯದ್ದಲ್ಲ. ಸವೆದ ಹಳೇ ಕೀ ಪೊಟ್ಟಣದಲ್ಲಿ ಹಾಕಿ ಕೊಡ್ತೀನಿ. ಗ್ಲಾಸ್ ಹೊಸದು. ಕೇಸ್ ಪಾಲಿಶ್ ಮಾಡಿಲ್ಲ. ಮಷೀನ್ ಸರ್ವಿಸ್ ಆಗಿದೆ, ಮೇನ್ ಸ್ಪ್ರಿಂಗ್ ಬದಲಾಗಿದೆ. ಆಳದ ಮುಳ್ಳು ಸೊನ್ನೇಲಿ ನಿಂತಿದೆ, ಒತ್ತಡದಲ್ಲಿ ಪರೀಕ್ಷೆ ಮಾಡಿಲ್ಲ. ನೀರಿಗೆ ಇಳಿಸ್ಬೇಡಿ."

ಕೊನೆಯ ಎರಡು ಸಾಲು ಬಹಳ ಮುಖ್ಯ ಮಾರಾಯ್ರೆ. ಆಳ ತೋರಿಸತ್ತಾ ನೋಡೋಣ ಅಂತ ಕಾರವಾರದ ಸಮುದ್ರಕ್ಕೆ ಇಳಿಸೋಕೆ ಹೋಗ್ಬೇಡಿ. ಪೊರೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ರೂ ಉಪ್ಪುನೀರು ಒಳಗೆ ಹೋಗತ್ತೆ, ಆಮೇಲೆ ಮಾರೋಕೆ ಏನೂ ಉಳಿಯಲ್ಲ. ತೆಗೆದ ಹಳೇ ಭಾಗಾನೂ ಯಾವತ್ತೂ ಎಸೀಬೇಡಿ, ಮುಂದಿನ ಕೈಗೆ ವಾಚಿನ ಜೊತೆಗೇ ಹೋಗ್ಲಿ.

ದರಕ್ಕೆ ಜನ ಕೇಳ್ತಿರೋ ಬೆಲೆ ನೋಡ್ಬೇಡಿ, ಮಾರಾಟ ಆದ ಬೆಲೆ ಹುಡುಕಿ, ಅದೂ ಅದೇ ಡಯಲ್, ಅದೇ ಕೇಸಿನದ್ದು. ನೀವು ಹಾಕಿದ ದುಡ್ಡು, ಹೊತ್ತು ಎಲ್ಲ ಕೂಡಿಸಿ ದರ ಕಟ್ಟಿದ್ರೆ ಸಾಮಾನ್ಯ ವಾಚಲ್ಲಿ ಗಿಟ್ಟಲ್ಲ, ಅಪರೂಪದ್ರಲ್ಲಿ ಮಾತ್ರ ಸ್ವಲ್ಪ ಗಿಟ್ಟತ್ತೆ. ಹೊರದೇಶದೋರು ಕೇಳಿದ್ರೆ ವಾಚಿನ ವಯಸ್ಸು ಮೊದ್ಲು ನೋಡಿ. 1972ರ ಪುರಾತನ ವಸ್ತು ಕಾಯ್ದೇಲಿ ನೂರು ವರ್ಷ ಗಡಿ, ಮೊದಲ ಮಹಾಯುದ್ಧದ ಕಾಲದ ವೆಸ್ಟ್ ಎಂಡ್ ತರದ್ದು ಈಗ ಆ ವಯಸ್ಸು ದಾಟಿದೆ, ಸರಿಯಾಗಿ ವಿಚಾರಿಸದೇ ಕಳಿಸ್ಬೇಡಿ.

ಕಳಿಸುವಾಗ ಕೀ ಒಳಗೆ ಒತ್ತಿ, ಸ್ಪ್ರಿಂಗ್ ಇಳಿದಿರ್ಲಿ, ಡಬ್ಬಿ ಒಳಗೆ ಡಬ್ಬಿ, ಇನ್ಶೂರೆನ್ಸ್ ನಿಜವಾದ ಬೆಲೆಗೆ. ಮಷೀನ್ ನಂಬರ್ ಕಾಣೋ ಹಾಗೆ ಪ್ಯಾಕಿಂಗ್ ವಿಡಿಯೋ ಮಾಡಿ, ಅವ್ರಿಗೂ ಬಿಚ್ಚುವಾಗ ಮಾಡೋಕೆ ಹೇಳಿ. ವಾಪಸ್ ತಗೋತೀರಾ, ಎಷ್ಟು ದಿನದೊಳಗೆ ಅನ್ನೋದನ್ನ ದುಡ್ಡು ಬರೋ ಮೊದ್ಲೇ ಬರೆದುಕೊಡಿ. ಇನ್ನೊಂದು ಮಾತನ್ನೂ ಮುಂಚೇನೇ ಹೇಳಿ: ತಲುಪಿದ ಮೇಲೆ ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಿದ್ರೆ ಗಾಬರಿ ಬೇಡ, ದಾರೀಲಿ ಎಲ್ಲೋ ಆಯಸ್ಕಾಂತದ ಹತ್ರ ಬಂದು ಹೇರ್‌ಸ್ಪ್ರಿಂಗ್ (ಬ್ಯಾಲೆನ್ಸ್ ಚಕ್ರದ ಕೂದಲಿನಂಥ ಸ್ಪ್ರಿಂಗ್) ಸುರುಳಿ ಒಂದಕ್ಕೊಂದು ಅಂಟಿರ್ಬಹುದು, ಹತ್ತಿರದ ವಾಚ್ ರಿಪೇರಿ ಅಂಗಡೀಲಿ ಡಿಮ್ಯಾಗ್ನೆಟೈಸ್ ಮಾಡಿಸಿ ನೋಡಿ, ಆಮೇಲೂ ಸರಿ ಆಗದಿದ್ರೆ ನನಗೇ ವಾಪಸ್ ಕಳಿಸಿ ಅಂತ.