ರೈಲಿನಲ್ಲಿ ಕಳಿಸಿದ ಸಾಮಾನು ಒಡೆದು ಬಂದರೆ ರೈಲ್ವೆ ಎಷ್ಟು ಕೊಡಬೇಕು?

ಪ್ರಶ್ನೆ: 18,000 ರೂಪಾಯಿಯ ಗ್ರೈಂಡರ್ ಅನ್ನು ರೈಲ್ವೆ ಪಾರ್ಸೆಲ್‌ನಲ್ಲಿ ಕಳಿಸಿದ್ದೆವು. ತೂಕ 40 ಕೆ.ಜಿ. ಪೆಟ್ಟಿಗೆ ಜಜ್ಜಿಹೋಗಿದೆ, ಒಳಗಿನ ಕಲ್ಲು ಸೀಳಿದೆ. ಪೂರ್ತಿ ಹಣ ಕೇಳಬಹುದೇ?

ಉತ್ತರ: ಬುಕ್ ಮಾಡುವಾಗ ಫಾರ್ವರ್ಡಿಂಗ್ ನೋಟ್‌ನಲ್ಲಿ (ಕಳಿಸುವವರು ತುಂಬಿಕೊಡುವ ಫಾರಂ) ಬೆಲೆ ಬರೆದು, ಅದಕ್ಕೆ ಶೇಕಡಾವಾರು ಶುಲ್ಕ ಕಟ್ಟಿದ್ದಿರಾ? ಕಟ್ಟಿಲ್ಲವಾದರೆ ಹೆಚ್ಚೆಂದರೆ 2,000 ರೂಪಾಯಿ ಸಿಗುತ್ತದೆ. 1989ರ ರೈಲ್ವೆ ಕಾಯ್ದೆಯ 103ನೇ ಸೆಕ್ಷನ್ ಪ್ರಕಾರ ಬೆಲೆ ಘೋಷಿಸದ ಸಾಮಾನಿಗೆ ಪರಿಹಾರದ ಮಿತಿಯನ್ನು ತೂಕದ ಮೇಲೆ ಕಟ್ಟುತ್ತಾರೆ. 1990ರ ನಿಯಮಗಳಲ್ಲಿ ಅದು ಕೆ.ಜಿ.ಗೆ 50 ರೂಪಾಯಿ, ಲಗೇಜಿಗಾದರೆ 100. ಹಗುರವಾದ, ದುಬಾರಿ ಸಾಮಾನು ಕಳಿಸುವವರಿಗೆ ಈ ಲೆಕ್ಕ ಅನ್ಯಾಯವೇ ಸರಿ. ಬೆಲೆ ಘೋಷಿಸಿದ್ದರೆ ಆ ಮೊತ್ತದವರೆಗೂ ಕೇಳಬಹುದು. ಆದರೆ ಅದೇ ನಿಜವಾದ ಬೆಲೆ ಎಂದು ತೋರಿಸುವ ಹೊಣೆ ನಿಮ್ಮದು, ಹಾಗಾಗಿ ಖರೀದಿ ಬಿಲ್ ಬೇಕು.

ಯಾರು ಎತ್ತಿಹಾಕಿದರು, ಯಾವ ಸ್ಟೇಷನ್‌ನಲ್ಲಿ ಒಡೆಯಿತು ಎಂಬುದನ್ನು ನೀವು ಸಾಬೀತು ಮಾಡಬೇಕಿಲ್ಲ. ಆದ ನಷ್ಟವನ್ನು ತೋರಿಸಿದರೆ ಸಾಕು. ಪ್ರಕೃತಿ ವಿಕೋಪ, ಯುದ್ಧ, ಬೆಂಕಿ, ಸಾಮಾನಿನದೇ ಒಳದೋಷ ಮುಂತಾದ ಕಾರಣಗಳಿದ್ದರೆ ರೈಲ್ವೆ ತಪ್ಪಿಸಿಕೊಳ್ಳಬಹುದು. ಆಗಲೂ ತಾನು ತಕ್ಕಷ್ಟು ಎಚ್ಚರ ವಹಿಸಿದ್ದೆ ಎಂದು ಅದು ತೋರಿಸಬೇಕು.

ಈ ಅನುಕೂಲವನ್ನು ಜನ ಬುಕಿಂಗ್ ಕೌಂಟರಿನಲ್ಲೇ ಕಳೆದುಕೊಳ್ಳುತ್ತಾರೆ. ಒಂದೇ ಸಾಮಾನಿಗೆ ‘ರೈಲ್ವೆ ರಿಸ್ಕ್’ (ಹಾನಿಯ ಹೊಣೆ ರೈಲ್ವೆಯದು), ‘ಓನರ್ಸ್ ರಿಸ್ಕ್’ (ಹೊಣೆ ಮಾಲೀಕರದು) ಎಂಬ ಎರಡು ದರಗಳಿದ್ದಾಗ ನೀವು ಏನೂ ಹೇಳದಿದ್ದರೆ ಕಾನೂನು ಅದನ್ನು ಓನರ್ಸ್ ರಿಸ್ಕ್ ಎಂದೇ ಎಣಿಸುತ್ತದೆ. ಆಮೇಲೆ ರೈಲ್ವೆಯ ನಿರ್ಲಕ್ಷ್ಯ ಸಾಬೀತಾಗದೆ ಹಣ ಸಿಗದು. ಫಾರ್ವರ್ಡಿಂಗ್ ನೋಟ್‌ನಲ್ಲಿ ‘ಪ್ಯಾಕಿಂಗ್ ಸರಿಯಿಲ್ಲ’ ಎಂದು ದಾಖಲಾದರೂ ಇದೇ ಗತಿ. ಕೌಂಟರಿನಲ್ಲಿ ಹೇಳಿದರೆಂದು ಆ ಸಾಲು ಬರೆದು ಸಹಿ ಹಾಕುವ ಬದಲು ಇನ್ನೆರಡು ಪಟ್ಟಿ ಹೊಡೆಸಿ ಪೆಟ್ಟಿಗೆ ಗಟ್ಟಿ ಮಾಡಿಸಿ.

ಇನ್ನು ಡೆಲಿವರಿ. ಪೆಟ್ಟಿಗೆಯ ಮೂಲೆ ಒಳಗೆ ಹೋಗಿದ್ದರೆ, ಪಟ್ಟಿ ಕಿತ್ತಿದ್ದರೆ, ಅಲುಗಾಡಿಸಿದಾಗ ಚೂರುಗಳ ಸದ್ದು ಕೇಳಿಸಿದರೆ ರಿಜಿಸ್ಟರಿನಲ್ಲಿ ಸಹಿ ಹಾಕಬೇಡಿ. ‘ಓಪನ್ ಡೆಲಿವರಿ’ ಬೇಕೆಂದು ಲಿಖಿತವಾಗಿ ಕೇಳಿ. ಹಾನಿಯ ಅಥವಾ ಬಿಚ್ಚಿದ ಗುರುತಿದ್ದು ನೀವು ಕೇಳಿದರೆ 81ನೇ ಸೆಕ್ಷನ್ ಪ್ರಕಾರ ಕೊಡಲೇಬೇಕು. ಪೆಟ್ಟಿಗೆಯನ್ನು ನಿಮ್ಮೆದುರೇ ಬಿಚ್ಚಿಸಿ, ಏನೇನು ಒಡೆದಿದೆ ಎಂದು ಬರೆಸಿಕೊಂಡ ಮೇಲೆಯೇ ಸಹಿ. ರಸೀದಿ ನಂಬರಿನ ಚೀಟಿ ಕಾಣುವಂತೆ ಫೋಟೋ ತೆಗೆದಿಡಿ. ಮನೆಗೆ ತಂದು ಬಿಚ್ಚಿದರೆ ‘ಆಟೋದಲ್ಲಿ ಒಡೆದಿರಬೇಕು’ ಎಂಬ ಮಾತಿಗೆ ಉತ್ತರ ಕೊಡುವುದು ಕಷ್ಟ.

ಬಳಿಕ ಬುಕ್ ಮಾಡಿದ ಸ್ಟೇಷನ್ ಅಥವಾ ತಲುಪಿದ ಸ್ಟೇಷನ್ ಯಾವ ವಲಯದ್ದೋ ಆ ರೈಲ್ವೆಯ ಚೀಫ್ ಕ್ಲೇಮ್ಸ್ ಆಫೀಸರ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ಕ್ಲೇಮ್ ನೋಟಿಸ್ (ಪರಿಹಾರ ಕೇಳುವ ಪತ್ರ) ಕಳಿಸಿ. ರಸೀದಿ ನಂಬರ್, ತಾರೀಖು, ತೂಕ, ಹಾನಿಯ ವಿವರ, ಕೇಳುವ ಮೊತ್ತ ಎಲ್ಲವೂ ಅದರಲ್ಲಿರಲಿ. ಗಡುವು 6 ತಿಂಗಳು. ಎಣಿಕೆ ಶುರುವಾಗುವುದು ಸಾಮಾನು ಬಂದ ದಿನದಿಂದಲ್ಲ, ರೈಲ್ವೆಗೆ ಒಪ್ಪಿಸಿದ ದಿನದಿಂದ. ಬಹಳಷ್ಟು ಮಂದಿ ಎಡವುವುದು ಇಲ್ಲೇ.

ನೋಟಿಸ್ ಕೊಟ್ಟು 3 ತಿಂಗಳಾದರೂ ಇತ್ಯರ್ಥವಾಗದಿದ್ದರೆ ರೈಲ್ವೆ ಪರಿಹಾರದ ದಾವೆಗಳನ್ನು ತೀರ್ಮಾನಿಸುವ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬಹುದು. ಒಪ್ಪಿಸಿದ ದಿನದಿಂದ 3 ವರ್ಷದೊಳಗೆ. ಇಂಥ ದಾವೆಯನ್ನು ಸಿವಿಲ್ ಕೋರ್ಟಿಗೆ ಒಯ್ಯುವಂತಿಲ್ಲ.