ಗುಂಡಿ ತೋಡುವ ಮುಂಚೆ ಗುಡ್ಡ ನೋಡಿ

ಜೂನ್ ಬಂತೆಂದರೆ ನನಗೆ ಫೋನ್ ಶುರುವಾಗುತ್ತದೆ. "ಸರ್, ನಮ್ಮೂರ ಗುಡ್ಡ ಬೋಳಾಗಿದೆ. ಐನೂರು ಸಸಿ ತಂದಿದ್ದೀವಿ. ಎಷ್ಟು ಅಡಿಗೊಂದು ಗುಂಡಿ ತೆಗೀಬೇಕು?" ಕೇಳುವವರ ಮನಸ್ಸು ಒಳ್ಳೆಯದು. ಅದಕ್ಕೇ ಬೇಡ ಎನ್ನಲು ಸಂಕಟವಾಗುತ್ತದೆ. ಆದರೂ ಪ್ರತಿ ವರ್ಷ ಅದೇ ಪ್ರಶ್ನೆ ಕೇಳುತ್ತೇನೆ: ಅಲ್ಲಿ ಯಾವತ್ತಾದರೂ ಕಾಡಿತ್ತಾ?

ಮರವಿಲ್ಲದ ಜಾಗವೆಲ್ಲ ಹಾಳಾದ ಜಾಗ ಎಂಬ ನಂಬಿಕೆ ಬೆಳೆದದ್ದರಲ್ಲಿ ನಮ್ಮ ಪಾಠಗಳ ಪಾಲೂ ಇದೆ. 1916ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಕ್ಲೆಮೆಂಟ್ಸ್, ಗಿಡಮರಗಳ ಗುಂಪು ಹಂತ ಹಂತವಾಗಿ ಬೆಳೆದು, ಆ ಹವಾಮಾನಕ್ಕೆ ತಕ್ಕ ಕೊನೆಯ ಸ್ಥಿತಿ ಮುಟ್ಟುತ್ತದೆ ಎಂದರು. ಹುಲ್ಲುಗಾವಲೂ ಆ ಕೊನೆಯ ಸ್ಥಿತಿ ಆಗಬಹುದು ಎಂದು ಅವರೇ ಒಪ್ಪಿದ್ದರು. ನಾವು ಮಾತ್ರ ಕೊನೆಯ ಸ್ಥಿತಿ ಅಂದರೆ ಕಾಡು ಅಂತ ಬಾಯಿಪಾಠ ಮಾಡಿದೆವು. 1926ರಲ್ಲಿ ಅಲ್ಲಿನ ಇನ್ನೊಬ್ಬ ಸಸ್ಯವಿಜ್ಞಾನಿ ಗ್ಲೀಸನ್, ಹಾಗೆ ಗುಂಪಾಗಿ ಒಂದು ಗುರಿ ಮುಟ್ಟುವುದಲ್ಲ, ಒಂದೊಂದು ಜಾತಿಯ ಗಿಡವೂ ತನಗೆ ಒಗ್ಗುವ ಕಡೆ ತನ್ನ ಪಾಡಿಗೆ ಬೆಳೆಯುತ್ತದೆ ಎಂದು ವಾದಿಸಿದರು. ಆ ಮಾತಿಗೆ ಬಹಳ ಕಾಲ ಯಾರೂ ಕಿವಿಗೊಡಲಿಲ್ಲ.

ಮಂಡ್ಯದ ಬಯಲಿಗೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಗುಡ್ಡದ ಮೇಲೆ ಮಣ್ಣು ತೆಳು, ಕೆಳಗೆ ಬಂಡೆ. ಅಲ್ಲಿ ಹುಲ್ಲು, ತಂಗಡಿ, ಬಂದರಿ, ಕಾರೆ ಗಿಡ ಇರುವುದು ಸಹಜ. ಹುಲ್ಲಿನ ಬದುಕು ಜಾಸ್ತಿ ನೆಲದೊಳಗೇ ಇರುತ್ತದೆ. ಗುಂಡಿ ತೋಡಿದರೆ ಮೊದಲು ಹೋಗುವುದು ಆ ಬೇರು. ಸಸಿ ಬದುಕಿ ನೆರಳು ಕೊಟ್ಟರೆ, ಬಿಸಿಲು ಬೇಡುವ ಹುಲ್ಲು ಸೊರಗುತ್ತದೆ. ಅದನ್ನು ನಂಬಿದ ಮೊಲ, ಗೌಜಲಹಕ್ಕಿ ಜಾಗ ಬಿಡುತ್ತವೆ. ಮೇಲುಕೋಟೆ ಅಭಯಾರಣ್ಯವನ್ನು 1974ರಲ್ಲಿ ಮಾಡಿದ್ದು ತೋಳಕ್ಕಾಗಿ. ತೋಳಕ್ಕೆ ಬೇಕಿರುವುದು ಕುರುಚಲು, ಬಯಲು. ದಟ್ಟ ತೋಪು ನೆಟ್ಟು ತೋಳ ಉಳಿಸಲು ಆಗುವುದಿಲ್ಲ, ಅಲ್ವಾ?

ಪಾಂಡವಪುರದ ಕಡೆ ಒಮ್ಮೆ ಹಿರಿಯ ಕುರಿಗಾಹಿಯೊಬ್ಬರು ಅಕೇಶಿಯಾ ತೋಪು ತೋರಿಸಿ, "ನೆಳ್ಳಾದ ಕಡೆ ಹುಲ್ಲು ಬರಕಿಲ್ಲ ಬುದ್ಧಿ, ಕುರಿ ಎಲ್ಲಿಗ್ ಹೊಡ್ಕೊಂಡ್ ಹೋಗ್ಲಿ?" ಎಂದರು. ನಾನು ತರಗತಿಯಲ್ಲಿ ಒಂದು ಗಂಟೆ ಹೇಳುವುದನ್ನು ಅವರು ಒಂದೇ ಉಸಿರಿಗೆ ಹೇಳಿಬಿಟ್ಟರು. ನಮ್ಮ ಹಿರಿಯರು ಇಂಥ ನೆಲಕ್ಕೆ ಗೋಮಾಳ ಎಂದು ಹೆಸರಿಟ್ಟಿದ್ದರು. ಪಹಣಿಯಲ್ಲಿ 'ಖರಾಬು' ಎಂದು ಬರೆದ ತುಂಡು ನೆಲದಲ್ಲೂ ಎಷ್ಟೋ ಕಡೆ ಇದೇ ಹುಲ್ಲು, ಇದೇ ಜೀವ.

ಎಲ್ಲೂ ಮರ ನೆಡಬೇಡಿ ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ಕಡಿದ ಜಾಗಗಳೂ ಇವೆ. ಹಳೆಯ ಬೊಡ್ಡೆ, ಬುಡದಲ್ಲಿ ಚಿಗುರು ಕಂಡರೆ ಅದು ಬೇರೆ ಲೆಕ್ಕ. ಒಂದು ಗುಡ್ಡಕ್ಕೆ ಹೇಳಿದ್ದು ಪಕ್ಕದ ಗುಡ್ಡಕ್ಕೆ ಸಲ್ಲದಿರಬಹುದು. ನೋಡದೆ ನಾನೂ ಹೇಳಲಾರೆ.

ಹಾಗಾಗಿ ಈ ಸಲ ಫೋನ್ ಮಾಡಿದವರಿಗೆ, ಸಸಿಗಳನ್ನು ಸದ್ಯ ಶಾಲೆ ಅಂಗಳಕ್ಕೆ, ರಸ್ತೆ ಬದಿಗೆ ಹಾಕಿ ಎಂದಿದ್ದೇನೆ. ಸೆಪ್ಟೆಂಬರಿನಲ್ಲಿ ಹುಲ್ಲು ತೆನೆ ಬಿಟ್ಟಾಗ ಎಲ್ಲರೂ ಸೇರಿ ಗುಡ್ಡ ಹತ್ತೋಣ. ಆ ಊರಿನ ಕುರಿ ಕಾಯುವವರನ್ನೂ ಕರೆದಿದ್ದೇನೆ.